ಕ್ಲಚ್ಚು, ಬ್ರೇಕು, ಪಿಯಾನೋ

ನಮ್ಮ ಭಾವನಿಗೆ ಪಿಯಾನೋ ನುಡಿಸಲು ಬರುವುದಿಲ್ಲ. ಆದರೆ ಓಡಿಸಲು ಬಹಳ ಚೆನ್ನಾಗಿ ಬರುತ್ತದೆ!

ನಗಬೇಡಿ, ಕಣ್ಣಾರೆ ಕಂಡವನು ಹೇಳುತ್ತಿದ್ದೇನೆ. ಮೊದಲು ಲುಂಗಿ ಮೇಲೆತ್ತಿ ಕಟ್ಟಿ ಸ್ಟೂಲಿನ ಮೇಲೆ ಕೂರುತ್ತಾರೆ. ಎಡಗಾಲಿನಿಂದ ಎಡಗಡೆಯ ಪೆಡಲನ್ನು ತಳದವರೆಗೆ ತುಳಿಯುತ್ತಾರೆ. ಆಮೇಲೆ ಕುತ್ತಿಗೆ ಹೊರಳಿಸಿ ಬಲಗಡೆಯ ಗೋಡೆಯನ್ನು ನೋಡುತ್ತಾರೆ. ಅಲ್ಲಿ ಕನ್ನಡಿಯೇನೂ ಇಲ್ಲ, ನನ್ನ ಹಿಟ್ಟಿನ ಮಿಲ್ಲಿನ ಸ್ವಿಚ್ ಬೋರ್ಡ್ ಇದೆ. ಸ್ವಿಚ್ ಬೋರ್ಡಿನಲ್ಲಿ ಹಿಂದಿನಿಂದ ಯಾವ ಗಾಡಿಯೂ ಬರುತ್ತಿಲ್ಲ ಎಂದು ಖಾತ್ರಿಯಾದ ಮೇಲೆ "ರೈಟ್ ಪೋಯಿ" ಎಂದು ತನಗೆ ತಾನೇ ಅಪ್ಪಣೆ ಕೊಟ್ಟುಕೊಂಡು, ಹೆಬ್ಬೆರಳಿನಿಂದ ಮೊದಲ ಸ್ವರ ಒತ್ತುತ್ತಾರೆ. ಸ್ವರ ಹೊರಟಿತು! ಇನ್ನು ಅದರ ಎದುರು ಬಂದವರು ಅವರವರ ಜವಾಬ್ದಾರಿ.

ಭಾವ ಎಂದರೆ ನನ್ನ ಅಕ್ಕನ ಗಂಡ. ಅವರು ನನ್ನನ್ನು ಕರೆಯುವುದೂ ಭಾವ ಎಂದೇ. ನಮ್ಮ ಕಡೆ ಅದು ಹೋಗುವಾಗಲೂ ಬರುವಾಗಲೂ ಒಂದೇ ಬೋರ್ಡಿನಲ್ಲಿ ಓಡುವ ಬಸ್ಸು. ಬೆಳ್ತಂಗಡಿ–ಮೂಡುಬಿದಿರೆ ಲೈನಿನ ಖಾಸಗಿ ಬಸ್ಸಿನಲ್ಲಿ ಮೀಸೆ ಕಪ್ಪಗಿದ್ದಾಗ ಸ್ಟೇರಿಂಗ್ ಹಿಡಿದವರು, ಬೆಳ್ಳಗಾದ ಮೇಲೆಯೇ ಬಿಟ್ಟದ್ದು. ಬಿಟ್ಟದ್ದು ಕೈ ಮಾತ್ರ. ಉಳಿದ ಅಂಗಾಂಗಗಳು ಇವತ್ತಿಗೂ ಡ್ಯೂಟಿಯಲ್ಲಿವೆ. ದೇವಸ್ಥಾನದಲ್ಲಿ ಪ್ರದಕ್ಷಿಣೆ ಬರುವಾಗ ಮುಂದಿನವರನ್ನು ದಾಟುವ ಮೊದಲು ಬಲಗೈ ಹೊರಗೆ ಚಾಚುತ್ತಾರೆ. ಒಮ್ಮೆ ಆ ಕೈ ಭಟ್ಟರ ಹರಿವಾಣಕ್ಕೆ ತಾಗಿ ತೀರ್ಥವೆಲ್ಲ ಕಲ್ಲಿನ ಪಾಲಾಯಿತು. "ಸಿಗ್ನಲ್ ಕೊಟ್ಟಿದ್ದೆನಲ್ಲ!" ಎಂದು ಭಟ್ಟರಿಗೇ ಜೋರು ಮಾಡಿದರು. ಮದುವೆ ಮನೆಯ ಪಂಕ್ತಿಯಲ್ಲಿ ತನ್ನ ಊಟ ಮುಗಿದರೆ ಸುಮ್ಮನೆ ಏಳುವುದಿಲ್ಲ. "ಇಲ್ಲಿ ಇಳಿಯುವವರುಂಟು!" ಎಂದು ಕೂಗಿ ಏಳುತ್ತಾರೆ.

ಇಂಥವರ ಕೈಗೆ ಪಿಯಾನೋ ಹೇಗೆ ಬಂತು? ಅದಕ್ಕೆ ಒಂದು ಹಾರ್ನಿನ ಕಥೆ ಹೇಳಬೇಕು.

ಭಾವನ ಬಸ್ಸಿಗೆ ಆರು ತುತ್ತೂರಿಗಳ ಹಾರ್ನ್ ಇತ್ತು. ಗುಂಡಿಯನ್ನು ಒತ್ತಿ ಹಿಡಿದರೆ ಒಂದರ ಹಿಂದೆ ಒಂದು ತುತ್ತೂರಿ ಕೂಗಿ, ಸ್ವರ ಮೆಟ್ಟಿಲು ಹತ್ತಿದ ಹಾಗೆ ಮೇಲಕ್ಕೆ ಹೋಗುತ್ತಿತ್ತು. "ಬಸ್ಸು ಓನರ್‌ನದ್ದು. ಹಾರ್ನ್ ನನ್ನದು" ಎನ್ನುತ್ತಿದ್ದರು. ಒಮ್ಮೆ ವೇಣೂರಿನ ಹತ್ತಿರ ರಸ್ತೆಗೆ ಬಾಗಿದ್ದ ಹಲಸಿನ ಮರದ ಗೆಲ್ಲು ಬಡಿದು ಕೊನೆಯ ತುತ್ತೂರಿ ನಜ್ಜಾದಾಗ, ಬಸ್ಸಿನ ಒಡೆದ ಗಾಜನ್ನು ಹಾಗೇ ಬಿಟ್ಟು, ಮೊದಲು ತುತ್ತೂರಿಯನ್ನು ತೊಡೆಯ ಮೇಲಿಟ್ಟುಕೊಂಡು ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡಿದವರು. ಪ್ರಯಾಣಿಕರು ಅಷ್ಟು ಹೊತ್ತು ಮರದಡಿ ನಿಂತು ಹಲಸಿನ ಹಣ್ಣು ತಿಂದರಂತೆ!

ಅಕ್ಕನ ಮನೆ ಇರುವುದು ಅದೇ ರಸ್ತೆಯ ಒಂದು ತಿರುವಿನಲ್ಲಿ, ನಾಲ್ಕು ಮೆಟ್ಟಿಲು ಮೇಲೆ. ಮಧ್ಯಾಹ್ನದ ಟ್ರಿಪ್ಪಿನಲ್ಲಿ ಭಾವ ತಿರುವಿನ ಆಚೆಯಿಂದ ಹಾರ್ನ್ ಒತ್ತುತ್ತಿದ್ದರು. ಅಕ್ಕ ಟಿಫಿನ್ ಕ್ಯಾರಿಯರಿನ ಕೊಂಡಿ ಹಾಕಿ ಮೆಟ್ಟಿಲು ಇಳಿದು ಬಂದು ಕೈ ಎತ್ತುತ್ತಿದ್ದಳು. ಬಸ್ಸು ನಿಲ್ಲುತ್ತಿತ್ತು. ಕಿಟಕಿಯಿಂದ ಕ್ಯಾರಿಯರ್ ಒಳಗೆ, ನಿನ್ನೆಯ ಖಾಲಿ ಕ್ಯಾರಿಯರ್ ಹೊರಗೆ. ಮಾತಿಲ್ಲ. ಬಸ್ಸು ತುಂಬ ಜನ ಇರುವಾಗ ಗಂಡ ಹೆಂಡತಿ ಮಾತಾಡುವುದೆಂತ? ಆ ಸಂಸಾರದಲ್ಲಿ ಅವರಿಬ್ಬರೂ ಆಡಿದ್ದಕ್ಕಿಂತ ಹೆಚ್ಚು ಮಾತನ್ನು ಆ ಹಾರ್ನೇ ಆಡಿದೆ ಎಂಬುದು ನನ್ನ ಲೆಕ್ಕ.

ಆಮೇಲೆ ಕರ್ಕಶ ಹಾರ್ನ್ ಇಡಬಾರದು ಎಂದು ಕಟ್ಟುನಿಟ್ಟಾಯಿತು. ಎಲ್ಲ ಬಸ್ಸಿನ ಹಾರ್ನ್ ಬಿಚ್ಚಿಸಿ ರಸ್ತೆಯಲ್ಲಿ ಹರವಿ ರೋಲರ್ ಹತ್ತಿಸಿದರು. ಭಾವ ನೋಡಲು ಹೋಗಿದ್ದರು. "ಕಾನೂನು ಸರಿ ಉಂಟು ಮಾರಾಯ, ಆಸ್ಪತ್ರೆ ಎದುರು ನಾನೂ ಒತ್ತುತ್ತಿರ್ಲಿಲ್ಲ" ಎಂದರು. ಆಮೇಲೆ ಅಂಗೈ ಚಪ್ಪಟೆ ಮಾಡಿ ತೋರಿಸಿ, "ಹಪ್ಪಳ ಆಯ್ತು" ಎಂದರು. ಮತ್ತೆ ಆ ವಿಷಯ ಎತ್ತಲಿಲ್ಲ.

ಎತ್ತಿದ್ದು ಹೋದ ವರ್ಷ, ಅಕ್ಕನನ್ನು ಕಿವಿಯ ಡಾಕ್ಟರಿಗೆ ತೋರಿಸಲು ಮಂಗಳೂರಿಗೆ ಕರೆದುಕೊಂಡು ಹೋಗಿ ಬಂದ ದಿನ. ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಯೂ ಮೆಲ್ಲ ಮೆಲ್ಲ ಹೋಗುತ್ತಾ ಇದೆ. ಮಿಷನ್ ಹಾಕಿದರೂ ಎಷ್ಟು ಸಮಯ ಎಂದು ಹೇಳಲಾಗದು. ಇದಿಷ್ಟು ಡಾಕ್ಟರ್ ಮಾತು. ಅಕ್ಕ ಅಳಲಿಲ್ಲ. "ಒಳ್ಳೆದಾಯ್ತು, ಇವರ ಗೊರಕೆ ತಪ್ಪಿತು" ಎಂದಳಂತೆ. ಭಾವ ಅಕ್ಕನನ್ನು ಮನೆಗೆ ಬಿಟ್ಟು, ವಾಪಸು ಬಸ್ಸು ಹತ್ತಿ ಗುರುವಾಯನಕೆರೆಯ ನನ್ನ ಮಿಲ್ಲಿಗೆ ಬಂದರು. ಮೂಟೆಯ ಮೇಲೆ ಕೂತರು. ಬರುವಾಗ ಡ್ರೈವರ್ ಹೇಗೆ ಓಡಿಸಿದ ಎಂದು ಬಯ್ಯಲಿಲ್ಲ. ಆಗಲೇ ನನಗೆ ಹೆದರಿಕೆಯಾಯಿತು.

"ಅವಳಿಗೆ ಆ ಹಾರ್ನ್ ಒಮ್ಮೆ ಕೇಳಿಸ್ಬೇಕು ಮಾರಾಯ" ಎಂದರು. "ಆ ಕಿವಿ ಮುಚ್ಚುವ ಮೊದಲು."

ನಾನು ಆರನೆಯ ಕ್ಲಾಸಿಗೇ ಶಾಲೆಗೆ ಕೈಮುಗಿದವನು. ಆದರೆ ಈ ಮಿಲ್ಲನ್ನು ಸ್ವಂತ ದುಡಿಮೆಯಿಂದ ಕಟ್ಟಿದ್ದೇನೆ, ನನ್ನ ಹಿಟ್ಟಿನಲ್ಲಿ ಒಂದು ತರಿ ಇದ್ದರೆ ತಂದು ತೋರಿಸಿ, ಮತ್ತೆ ಮಾತಾಡುವ. ಅಂಥ ನನಗೆ ಇದೊಂದು ದೊಡ್ಡ ಕೆಲಸವೇ? ಎನಿಸಿತು. "ಫೋನಿನಲ್ಲಿ ಎಲ್ಲ ಹಾರ್ನ್ ಸಿಗ್ತದೆ ಭಾವ" ಎಂದು ಹುಡುಕಿ ಹುಡುಕಿ ಕೇಳಿಸಿದೆ. ಭಾವ ಕಣ್ಣು ಮುಚ್ಚಿ ಕೇಳಿ ಒಂದೊಂದನ್ನೇ ತಳ್ಳಿಹಾಕಿದರು.

"ಇದು ಘಟ್ಟದ ಮೇಲಿನದ್ದು, ಸೊಕ್ಕು ಜಾಸ್ತಿ."

"ಇದು?"

"ಇದು ಲಾರಿಯದ್ದು. ಲಾರಿ ಹಾರ್ನಿಗೆ ಪ್ರೀತಿ ಗೊತ್ತಿಲ್ಲ."

ಕೊನೆಗೆ ಅವರೇ ತೀರ್ಪು ಕೊಟ್ಟರು: ಆ ಆರು ಸ್ವರವನ್ನು ಯಾವುದಾದರೂ ವಾದ್ಯದಲ್ಲಿ ತಾನೇ ಬಾರಿಸಿ ಅಕ್ಕನಿಗೆ ಕೇಳಿಸುವುದು. ಅಲ್ಲಿಯವರೆಗೆ ಅವಳಿಗೆ ತಿಳಿಯಬಾರದು. ತಿಳಿದರೆ "ನಿಮಗೆ ಹುಚ್ಚಾ, ಮರ್ಲಾ?" ಎಂದು ಒಂದೇ ಮಾತಿನಲ್ಲಿ ಬ್ರೇಕ್ ಹಾಕುತ್ತಾಳೆ.

ಬಿ.ಸಿ.ರೋಡಿನ ಅಂಗಡಿಯಲ್ಲಿ ಕರೆಂಟಿನ ಕೀಬೋರ್ಡ್ ತೋರಿಸಿದರು. ಭಾವ ಅದನ್ನು ಒಂದು ಕೈಯಲ್ಲಿ ಎತ್ತಿ ನೋಡಿದರು, ಬಗ್ಗಿ ಅಡಿಯನ್ನು ನೋಡಿದರು.

"ಪೆಡಲ್ ಎಲ್ಲಿ?"

"ಇದಕ್ಕೆ ಪೆಡಲ್ ಬೇಡ ಅಂಕಲ್" ಎಂದ ಅಂಗಡಿಯವ.

"ಪೆಡಲ್ ಇಲ್ಲದ್ದು ಎಂತ ಗಾಡಿ? ಬಾ ಭಾವ, ಹೋಗುವ."

ಮೂಡುಬಿದಿರೆಯಲ್ಲಿ ಹಳೆಯ ಮನೆಗಳ ಕಂಬ, ಬಾಗಿಲು, ತೊಟ್ಟಿಲು ಮಾರುವ ಒಬ್ಬರಿದ್ದಾರೆ. ಅವರ ಶೆಡ್ಡಿನ ಮೂಲೆಯಲ್ಲಿ ಯಾವುದೋ ಬಂಗಲೆಯಿಂದ ಬಂದ ಪಿಯಾನೋ ಗೋಡೆಗೆ ಒರಗಿ ನಿಂತಿತ್ತು. ಮೇಲೆ ಎರಡು ಕೋಳಿ ಕೂತಿದ್ದವು. ಭಾವ ಕೋಳಿ ಓಡಿಸಲಿಲ್ಲ, ಸ್ವರ ಕೇಳಲಿಲ್ಲ, ನೇರ ನೆಲಕ್ಕೆ ಕೂತು ಅಡಿಯನ್ನು ನೋಡಿದರು. ಪೆಡಲ್ ಇದ್ದವು. ಒಂದಲ್ಲ, ಎರಡಲ್ಲ, ಮೂರು!

"ಕ್ಲಚ್ಚು, ಬ್ರೇಕು, ಆಕ್ಸಿಲೇಟರು!" ಎಂದು ಭಾವ ಹೆಣ್ಣು ನೋಡಲು ಹೋದ ಹುಡುಗನ ಹಾಗೆ ಬೆವರಿದರು. ಒಂದೊಂದನ್ನೇ ತುಳಿದು ಪರೀಕ್ಷೆ ಮಾಡಿದರು. ನಡುವಿನದ್ದನ್ನು ಒತ್ತಿ ಹಿಡಿದು ಸ್ವರ ಬಾರಿಸಿದರೆ ಅದು ಕಂಬಳಿ ಹೊದ್ದುಕೊಂಡ ಹಾಗೆ ಮೆತ್ತಗಾಯಿತು. "ನೋಡಿದೆಯಾ, ಬ್ರೇಕ್ ಹಿಡಿಯುತ್ತದೆ!" ಇನ್ನು ಬಿಟ್ಟುಬರುವ ಮಾತುಂಟೆ? ಪಿಕ್‌ಅಪ್ಪಿನಲ್ಲಿ ಹಗ್ಗ ಕಟ್ಟಿ ತಂದೆವು. ಎಲ್ಲಿಗೆ? ಅಕ್ಕನ ಮನೆಗೆ ತರುವ ಹಾಗಿಲ್ಲ. ನನ್ನ ಮಿಲ್ಲಿಗೆ! ಅಕ್ಕಿ ಮೂಟೆ ಇಡುವ ಜಾಗದಲ್ಲಿ ಪಿಯಾನೋ, ಅಕ್ಕಿ ಮೂಟೆ ನಾನು ಕೂರುವ ಜಾಗದಲ್ಲಿ, ನಾನು ಬಾಗಿಲಲ್ಲಿ. ಮಂಗಳೂರಿನಿಂದ ಒಬ್ಬರು ಬಂದು ಅದರ ಹೊಟ್ಟೆಗೆ ಕೈಹಾಕಿ ಶ್ರುತಿ ಮಾಡಿದರು. ಹೋಗುವಾಗ ಮಿಲ್ಲನ್ನೂ ಪಿಯಾನೋವನ್ನೂ ನನ್ನನ್ನೂ ನೋಡಿ ತಲೆ ಅಲ್ಲಾಡಿಸಿದರು. ಅವರ ಕರಿಯ ಪ್ಯಾಂಟು ಬಿಳಿಯಾಗಿತ್ತು.

ಕಲಿಸಲು ಬಿ.ಸಿ.ರೋಡಿನ ಒಂದು ಅಂಗಡಿಯ ಮಹಡಿಯಲ್ಲಿ ಒಬ್ಬಳು ಟೀಚರ್ ಸಿಕ್ಕಿದಳು. ನನ್ನ ಮಗಳ ಪ್ರಾಯದವಳು. ಭಾವ ಅವಳ ಎದುರು ಕೂತು ಹಾರ್ನ್ ಹಾಡಿದರು. ಹೌದು, ಬಾಯಲ್ಲಿ! ಕೆಳಗಿನ ಅಂಗಡಿಯವರು ರಸ್ತೆಗೆ ಓಡಿ ಬಂದು ಬಸ್ಸು ಎಲ್ಲಿ ಎಂದು ನೋಡಿದರು. ಟೀಚರ್ ಮಾತ್ರ ನಗದೆ ಒಂದೊಂದೇ ಸ್ವರವನ್ನು ಹುಡುಕಿ ಒತ್ತಿದಳು. ಐದು ಸಿಕ್ಕಿದವು. ಆರನೆಯದಕ್ಕೆ ಬರುವಾಗ ಭಾವನ ಬಾಯಿ ತೆರೆದೇ ಉಳಿಯಿತು, ಸ್ವರ ಬರಲಿಲ್ಲ.

"ಕೊನೆಯದ್ದು ನೆನಪಾಗುದಿಲ್ಲ ಟೀಚರೆ. ಎಂಜಿನ್ ನನ್ನ ಮೊಣಕಾಲ ಹತ್ರ ಗುರ್ ಅಂತಿತ್ತು. ಕೊನೆಯದ್ದು ಬರುವಾಗ ಬ್ರೇಕಿನ ಗಾಳಿಯೂ ಬಿಡ್ತಿತ್ತು. ನನಗೆ ಸರಿ ಕೇಳಿದ್ದೇ ಇಲ್ಲ."

"ಚಿಂತೆ ಇಲ್ಲ ಅಂಕಲ್" ಎಂದಳು ಟೀಚರ್. "ಇದು ಹೋಲ್ ಟೋನ್ ಸ್ಕೇಲ್. ಏಳು ಸ್ವರ ಇರುದಿಲ್ಲ, ಆರೇ. ಒಂದರಿಂದ ಒಂದಕ್ಕೆ ಎಲ್ಲ ಒಂದೇ ದೂರ. ಐದು ಗೊತ್ತಾದ್ರೆ ಆರನೆಯದು ಇಲ್ಲೇ ಇರ್ಬೇಕು." ಅವಳು ಒಂದು ಕಪ್ಪು ಕೀ ಒತ್ತಿದಳು. ಮೂರು ಬಿಳಿ, ಮೂರು ಕಪ್ಪು. ಲೆಕ್ಕ ಸರಿಯಾಯಿತು.

"ಎಲ್ಲ ಒಂದೇ ದೂರವಾ? ಹಾಗಾದ್ರೆ ಎಲ್ಲಿ ಹತ್ತಿದರೂ ಒಂದೇ ಟಿಕೇಟು ಅನ್ನಿ!"

"ಹೌದು. ಆದ್ರೆ ಒಂದು ವಿಚಿತ್ರ ಉಂಟು ಅಂಕಲ್. ಬೇರೆ ಸ್ಕೇಲೆಲ್ಲ ಕೊನೆಗೆ ಮನೆಗೆ ಬಂದ ಹಾಗೆ ಕೇಳ್ತದೆ. ಇದಕ್ಕೆ ಮನೆ ಇಲ್ಲ. ಸುತ್ತುತ್ತಾ ಇರ್ತದೆ, ಎಲ್ಲಿಯೂ ನಿಲ್ಲುದಿಲ್ಲ."

"ಎಕ್ಸ್‌ಪ್ರೆಸ್ಸು!" ಎಂದರು ಭಾವ. ಆಮೇಲೆ ಮುಖ ಸಣ್ಣದು ಮಾಡಿ, "ನಮ್ಮದು ಲೋಕಲ್ ಆಗಿತ್ತು ಟೀಚರೆ. ಕೈ ಅಡ್ಡ ಹಿಡಿದಲ್ಲೆಲ್ಲ ನಿಲ್ತಿತ್ತು" ಎಂದರು.

ಅಂದಿನಿಂದ ನನ್ನ ಮಿಲ್ಲಿನಲ್ಲಿ ಸಾಧನೆ ಶುರುವಾಯಿತು. ಸಂಗೀತ ಕಲಿಯುವವರ ಮನೆಯವರ ಕಷ್ಟ ನಿಮಗೆ ಗೊತ್ತಿರಬಹುದು. ಆದರೆ ಸಂಗೀತ ಕಲಿಯುವವರ ಮಿಲ್ಲಿನವರ ಕಷ್ಟ ಗೊತ್ತುಂಟೆ?

ಮೊದಲನೆಯದಾಗಿ ಭಾವ ಹೆಬ್ಬೆರಳು ಬಿಟ್ಟು ಬೇರೆ ಬೆರಳು ಹಾಕಲು ಒಪ್ಪಲಿಲ್ಲ. "ಹಾರ್ನ್ ಒತ್ಲಿಕ್ಕೆ ಐದು ಬೆರಳು ಯಾಕೆ? ನಾಲ್ಕು ಸ್ಟೇರಿಂಗಿಗೆ ಬೇಡ್ವಾ?" ಆ ನಾಲ್ಕು ಬೆರಳನ್ನು ಸ್ಟೇರಿಂಗಿನಿಂದ ಬಿಡಿಸುವಾಗ ಟೀಚರಿಗೆ ಮಳೆಗಾಲ ಕಳೆಯಿತು. ಇನ್ನು ಒಂದೇ ದೂರದ ಸ್ವರಗಳ ತೊಂದರೆ ನೋಡಿ: ಎಲ್ಲ ಒಂದೇ ಹಾಗೆ ಕೇಳುವುದರಿಂದ ನಡುವೆ ಎಲ್ಲಿದ್ದೇವೆ ಎಂದು ಭಾವನಿಗೆ ತಿಳಿಯುತ್ತಿರಲಿಲ್ಲ. ಅದಕ್ಕೆ ಒಂದೊಂದು ಕೀಗೂ ಒಂದೊಂದು ಸ್ಟಾಪಿನ ಹೆಸರು ಇಟ್ಟುಕೊಂಡರು. ಬೆಳ್ತಂಗಡಿ ಒತ್ತಿ, ಗುರುವಾಯನಕೆರೆ ಒತ್ತಿ, ವೇಣೂರು ದಾಟಿ ಹೋಗುತ್ತಿದ್ದರು. ಬೆರಳು ಪಕ್ಕದ ಕೀಗೆ ಜಾರಿದರೆ "ಛೆ, ಗದ್ದೆಗೆ ಇಳಿಯಿತು!" ಎಂದು ಬೆಳ್ತಂಗಡಿಯಿಂದ ಪುನಃ ಹೊರಡುತ್ತಿದ್ದರು.

ಮೇಲೆ ಹೋಗುವುದು ಹೇಗೋ ಬಂತು. ಕೆಳಗೆ ಇಳಿಯುವುದು? ಅದು ರಿವರ್ಸ್! ರಿವರ್ಸ್ ಎಂದ ಮೇಲೆ ಹಿಂದೆ ಒಬ್ಬ ನಿಂತು ಹೇಳಬೇಕು. ಹಿಟ್ಟಿಗೆ ಬಂದ ಗಿರಾಕಿಗಳನ್ನು ಭಾವ ಬಿಡುತ್ತಿರಲಿಲ್ಲ. "ಸ್ವಲ್ಪ ಹಿಂದೆ ನೋಡಿ ಹೇಳಿ ಮಾರಾಯ್ರೆ!" ಪಾಪ, ಗಿರಾಕಿ ಎಂತ ಮಾಡುತ್ತಾರೆ? ಪಿಯಾನೋದ ಮರಕ್ಕೆ ಕೈಯಿಂದ ತಟ್ಟುತ್ತಾ "ಬರ್ಲಿ, ಬರ್ಲಿ, ಬರ್ಲಿ" ಎನ್ನುತ್ತಿದ್ದರು. ಮೊದಲ ಸ್ವರಕ್ಕೆ ತಲುಪಿದಾಗ "ಹೋಲ್ಡಾನ್!" ಕೆಲವರಿಗೆ ಅದರ ರುಚಿ ಹತ್ತಿ, ರಾಗಿ ಪುಡಿಯಾದ ಮೇಲೂ ಹೋಗದೆ ನಿಲ್ಲುತ್ತಿದ್ದರು. ಒಬ್ಬ ಹೆಂಗಸು ಮೆಣಸು ಪುಡಿ ಮಾಡಿಸಲು ಬಂದ ದಿನವಂತೂ ಪ್ರತಿ ನಾಲ್ಕನೆಯ ಸ್ವರಕ್ಕೆ ಭಾವನಿಗೆ ಒಂದು ಸೀನು. ಆ ಹೆಂಗಸು ಅದನ್ನೂ ಪಾಠದ ಒಂದು ಭಾಗ ಎಂದು ತಿಳಿದು, "ಕೊನೆಯ ಸೀನು ಸ್ವಲ್ಪ ಜೋರಾಯ್ತು" ಎಂದು ಅಭಿಪ್ರಾಯ ಕೊಟ್ಟು ಹೋದಳು.

ಎಲ್ಲಕ್ಕಿಂತ ನನ್ನ ಜೀವ ತಿಂದದ್ದು ಬೇರೆಯೇ. ಮಿಲ್ಲು ಓಡದಿದ್ದರೆ ಭಾವನ ಕೈ ಓಡುತ್ತಿರಲಿಲ್ಲ! "ಎಂಜಿನ್ ಶಬ್ದ ಇಲ್ಲದೆ ಹಾರ್ನ್ ಹೇಗೆ ಒತ್ತುದು? ಸ್ವಲ್ಪ ಮಿಲ್ಲು ಹಾಕು ಭಾವ."

"ಕಾಳಿಲ್ಲದೆ ಖಾಲಿ ಮಿಲ್ಲು ಓಡಿಸ್ಲಿಕ್ಕೆ ನನಗೆಂತ ಮಂಡೆ ಸಮ ಇಲ್ವಾ?" ಎಂದೆ. ಖಾಲಿ ಓಡಿದರೆ ಕಲ್ಲಿಗೆ ಕಲ್ಲು ತಿಕ್ಕಿ ಸವೆಯುತ್ತದೆ. ಮಿಲ್ಲು ಇಟ್ಟ ದಿನದಿಂದ ಒಮ್ಮೆಯೂ ನಾನು ಹಾಗೆ ಮಾಡಿದವನಲ್ಲ, ಯಾರಿಗೂ ಮಾಡಲು ಬಿಟ್ಟವನೂ ಅಲ್ಲ. ಹಾಗಾಗಿ ಗಿರಾಕಿ ಬಂದಾಗ ಮಾತ್ರ ಭಾವನ ಅಭ್ಯಾಸ. ನವರಾತ್ರಿ ಹೊತ್ತಿಗೆ ವ್ಯಾಪಾರ ಜೋರಾದ್ದರಿಂದ ಭಾವನ ಸಂಗೀತವೂ ಜೋರಾಗಿ ಮುಂದುವರಿಯಿತು.

ಆರೂ ಸ್ವರ ಕೈಗೆ ಹತ್ತಿದವು. ಮೇಲೆ, ಕೆಳಗೆ, ನಿದ್ದೆಯಲ್ಲಿ ಎಬ್ಬಿಸಿದರೂ ಬಾರಿಸುವಷ್ಟು. ಟೀಚರ್ ಮೆಚ್ಚಿದಳು. ಭಾವ ಮಾತ್ರ ಆರನೆಯದನ್ನು ಒತ್ತಿ ಪ್ರತಿ ಸಲವೂ ಕಿವಿ ಒರಸಿಕೊಳ್ಳುತ್ತಿದ್ದರು.

"ಇದಲ್ಲ ಅಂತ ಕಾಣ್ತದೆ."

"ಟೀಚರ್ ಲೆಕ್ಕ ಹಾಕಿ ಕೊಟ್ಟದ್ದಲ್ವಾ ಭಾವ?"

"ಲೆಕ್ಕ ಸರಿ ಉಂಟು. ಹಾರ್ನ್ ಸರಿ ಇಲ್ಲ. ತಪ್ಪು ಹಾರ್ನ್ ಹಾಕಿದರೆ ಅವಳು ಬೇರೆ ಬಸ್ಸು ಅಂತ ಒಳಗೇ ಕೂತ್ಕೊಳ್ತಾಳೆ."

ಸಾಕ್ಷಿ ವಿಚಾರಣೆ ಮಾಡಿದೆವು. ನನ್ನ ಪಕ್ಕದ ಚಪ್ಪಲಿ ಅಂಗಡಿಯ ಹಾಜಿಯವರು ಆ ಬಸ್ಸಿನಲ್ಲಿ ಓಡಾಡಿದವರು. "ಆರೆಲ್ಲಿಂದ ಬಂತು? ಎರಡೇ ಇದ್ದದ್ದು" ಎಂದರು. ಭಾವನಿಗೆ ಸಿಟ್ಟು ಬಂತು. ಜಂಕ್ಷನ್ನಿನಲ್ಲಿ ಈಗ ಚಾ ಅಂಗಡಿ ಇಟ್ಟಿರುವ, ಭಾವನ ಬಸ್ಸಿನ ಹಳೆಯ ಕಂಡಕ್ಟರನ್ನು ಕರೆಸಿದೆವು.

"ಅಣ್ಣ, ಹಾಜಿಯವರು ಹೇಳುದು ಸರಿಯೇ. ದನಕ್ಕೆ ನೀವು ಎರಡು ಬಾರಿಸ್ತಿದ್ದ್ರಿ. ಸ್ಕೂಟರಿಗೆ ಮೂರು. ಎದುರು ಕಂಪೆನಿ ಬಸ್ಸು ಟೈಮಿಂಗ್ ತಪ್ಪಿಸಿ ಬಂದ್ರೆ ನಾಲ್ಕು, ಅದೂ ಬೈಗುಳದ ಒಟ್ಟಿಗೆ. ಐದು ಒಮ್ಮೊಮ್ಮೆ. ಆರು ನಿಮ್ಮ ಮನೆಯ ತಿರುವಿನಲ್ಲಿ ಮಾತ್ರ ಅಲ್ವಾ?"

"ಹೌದು ಹೌದು! ಹೇಗಿತ್ತು ಅದು? ಹೇಳು!"

"ನನಗೆ ಹೇಗೆ ಗೊತ್ತು? ಅಲ್ಲಿ ಬಸ್ಸು ನಿಲ್ತದೆ ಅಂತ ಗೊತ್ತಿದ್ದ ಕಾರಣ ನಾನು ಹಿಂದಿನ ಸೀಟಿನಲ್ಲಿ ಒಂದು ಕಣ್ಣು ನಿದ್ದೆ ತೆಗೀತಿದ್ದೆ!"

ಭಾವ ತಲೆ ತಗ್ಗಿಸಿ ಕೂತರು. ನನಗೆ ಆಗ ಹೊಳೆಯಿತು. ಈ ಭೂಮಿಯ ಮೇಲೆ ಆರನೆಯ ಸ್ವರ ತಿಳಿದವರು ಒಬ್ಬರೇ ಇದ್ದಾರೆ. ಯಾರಿಗೆ ತಿಳಿಯಬಾರದು ಎಂದು ಇಷ್ಟೆಲ್ಲ ಕದ್ದುಮುಚ್ಚಿ ಮಾಡಿದೆವೋ ಅವಳೇ!

ಗುಟ್ಟು ಬಿಡದೆ ತಿಳಿದು ಬಾ ಎಂದು ಭಾವ ನನ್ನನ್ನು ಕಳಿಸಿದರು. ನಾನು ಹೋಗಿ ಅಕ್ಕನ ಬಲಗಡೆ ಕೂತು, ನೀರುದೋಸೆ ತಿನ್ನುತ್ತಾ, ಹವಾಮಾನದ ಬಗ್ಗೆ, ಹಾಲಿನ ಬಗ್ಗೆ ಎಲ್ಲ ಮಾತಾಡಿ, ಬಹಳ ಚಾಲಾಕಿಯಿಂದ ವಿಷಯಕ್ಕೆ ಬಂದೆ. "ಅಕ್ಕಾ, ಭಾವನ ಹಾರ್ನ್ ಹೇಗಿತ್ತು?"

ಅಕ್ಕ ನನ್ನನ್ನೇ ನೋಡಿದಳು. "ಹೇಗಿರ್ಬೇಕು? ಜೋರಾಗಿತ್ತು" ಎಂದು ಇನ್ನೂ ಎರಡು ದೋಸೆ ಹಾಕಿದಳು. ಮತ್ತೆ ಕೇಳಿದೆ, ಮತ್ತೆರಡು ದೋಸೆ. ಹೊಟ್ಟೆ ಬಿರಿಯುವ ಮೊದಲು ಎದ್ದು ಬಂದೆ. ನನ್ನ ಗೂಢಚಾರಿಕೆ ಅಲ್ಲಿಗೆ ಮುಗಿಯಿತು.

ಮುಗಿಯಿತು ಎಂದು ನಾನು ತಿಳಿದದ್ದು. ಎರಡು ದಿನ ಬಿಟ್ಟು, ಬೆಳಗಿನ ಜನ ಮುಗಿಯುವ ಹೊತ್ತು. ಮಿಲ್ಲು ಓಡುತ್ತಿತ್ತು. ಭಾವ ಬಾಗಿಲಿಗೆ ಬೆನ್ನು ಹಾಕಿ ಬಾ​ರಿಸುತ್ತಿದ್ದರು. ನಾನು ಹಿಟ್ಟಿನ ಚೀಲಕ್ಕೆ ಬಾಯಿ ಕಟ್ಟುತ್ತಿದ್ದವನು ತಲೆ ಎತ್ತುತ್ತೇನೆ, ಬೆಳ್ತಿಗೆ ಅಕ್ಕಿಯ ಚೀಲ ಹಿಡಿದು ಅಕ್ಕ ಒಳಗೆ ನಿಂತಿದ್ದಾಳೆ! ಭಾವನ ಕಡೆ ಕೈ ಬೀಸಿದೆ, ಬೆನ್ನಿಗೆ ಕಣ್ಣುಂಟೆ? ಭಾವ ಮೇಲಿನ ಸ್ವರ ಮುಟ್ಟಿ, ತಿರುಗದೆಯೇ, "ರಿವರ್ಸ್ ಬರ್ತೇನೆ, ಹಿಂದೆ ನೋಡಿ ಹೇಳಿ ಮಾರಾಯ್ರೆ" ಎಂದು ಮಿಲ್ಲಿನ ಸದ್ದನ್ನೂ ಮೀರಿ ಕೂಗಿದರು.

ಅಕ್ಕ ಚೀಲ ಕೆಳಗಿಟ್ಟಳು. ಪಿಯಾನೋದ ಮರಕ್ಕೆ ಕೈ ತಟ್ಟಿದಳು.

"ಬರ್ಲಿ, ಬರ್ಲಿ, ಬರ್ಲಿ... ಹೋಲ್ಡಾನ್."

ಭಾವ ಹೋಲ್ಡಾನ್ ಆದರು. ಪಿಯಾನೋ ಆಯಿತು, ನಾನೂ ಆದೆ. ಮಿಲ್ಲು ಮಾತ್ರ ಓಡುತ್ತಿತ್ತು, ಅದನ್ನು ನಿಲ್ಲಿಸಿದೆ.

"ಬಸ್ಸು ಬಿಟ್ಟ ಮೇಲೆ ಊಟಕ್ಕೆ ಕೂತಾಗ ನಿಮ್ಮ ಕಾಲು ಒಂದಾದ್ರೂ ಸುಮ್ಮನಿತ್ತು" ಎಂದಳು ಅಕ್ಕ. "ಈಗ ಪುನಃ ಬೆಂಚಿನ ಅಡಿಯಲ್ಲಿ ಎಡಗಾಲು ಕ್ಲಚ್ಚು ತುಳಿಯುತ್ತಾ ಉಂಟು. ಈ ಪ್ರಾಯದಲ್ಲಿ ಕದ್ದು ಯಾರ ಬಸ್ಸಿಗೆ ಹೋಗ್ತಿದ್ದೀರಿ ಅಂತ ನೋಡ್ಲಿಕ್ಕೆ ಬಂದೆ. ಮೊನ್ನೆ ಈ ತಮ್ಮ ಬಂದು ದೋಸೆ ತಿಂದು ಹಾರ್ನ್ ಕೇಳಿದಾಗಲೇ ಇವನೂ ನಿಮ್ಮ ಪಾರ್ಟಿ ಅಂತ ಗೊತ್ತಾಯ್ತು."

ಭಾವ ಸ್ಟೂಲನ್ನು ಮುಂದೆ ಎಳೆದುಕೊಂಡರು. ಎಡಗಾಲಿನಲ್ಲಿ ಪೆಡಲ್ ತುಳಿದು, ಗೋಡೆ ನೋಡಿ, ಆರೂ ಸ್ವರ ಬಾರಿಸಿದರು. ಬೆಳ್ತಂಗಡಿಯಿಂದ ಹೊರಟು ಒಂದು ಕಡೆಯೂ ಗದ್ದೆಗಿಳಿಯದೆ ಹೋದರು. ಅಕ್ಕ ಬಲಗಿವಿಯನ್ನು ಅತ್ತ ಕೊಟ್ಟು, ಸೆರಗು ಹಿಡಿದು ನಿಂತಿದ್ದಳು.

"ಐದು ನಮ್ಮದು" ಎಂದಳು. "ಆರನೆಯದು ಯಾರದ್ದು?"

"ಟೀಚರ್ ಲೆಕ್ಕ ಹಾಕಿ..."

"ಟೀಚರ್ ನಮ್ಮ ಮೆಟ್ಟಿಲಲ್ಲಿ ನಿಂತಿದ್ದರಾ? ಹಲಸಿನ ಗೆಲ್ಲು ತಾಗಿದ ಮೇಲೆ ಕೊನೆಯದ್ದು ಅಷ್ಟು ಮೇಲೆ ಹೋಗ್ತಿರ್ಲಿಲ್ಲ. ಸ್ವಲ್ಪ ಇಳಿದು ಕೂಗ್ತಿತ್ತು."

"ನಾನು ಬಡಿದು ನೆಟ್ಟಗೆ ಮಾಡಿದ್ದೇನೆ!"

"ನೀವು ನೆಟ್ಟಗೆ ಮಾಡಿದ್ದು ಕಣ್ಣಿಗೆ. ನೀವು ಹಾರ್ನಿನ ಹಿಂದೆ ಕೂತವರು. ನಾನು ಅದರ ಎದುರು ನಿಂತವಳು. ಸರಿಯಿರಿ ಸ್ವಲ್ಪ."

ಅಕ್ಕ ಜನ್ಮದಲ್ಲಿ ಮೊದಲ ಬಾರಿಗೆ ಪಿಯಾನೋ ಮುಟ್ಟಿದಳು. ದೋಸೆ ಕಲ್ಲಿನ ಬಿಸಿ ನೋಡುವ ಹಾಗೆ ಒಂದು ಬೆರಳು ತಾಗಿಸಿ ತೆಗೆದಳು. ಕಿವಿಯನ್ನು ಮರಕ್ಕೆ ಹತ್ತಿರ ತಂದು ಒಂದೊಂದೇ ಒತ್ತಿದಳು. ಇದಲ್ಲ. ಇದಲ್ಲ. ಟೀಚರ್ ಹೇಳಿದ ಕಪ್ಪು ಕೀಯ ಎಡಕ್ಕೆ ಅಂಟಿಕೊಂಡಿದ್ದ ಬಿಳಿಯದನ್ನು ಒತ್ತಿದವಳು ಬೆರಳು ತೆಗೆಯಲಿಲ್ಲ.

"ಇದು."

ಭಾವ ಅಲ್ಲಿಯವರೆಗೆ ಐದು ಬಾರಿಸಿ ಆ ಬಿಳಿಯದನ್ನು ಒತ್ತಿದರು. ನನಗೆ ಸಂಗೀತ ತಿಳಿಯದು. ಆದರೆ ಎಲ್ಲಿಯೂ ನಿಲ್ಲದೆ ಸುತ್ತುತ್ತಿದ್ದ ಆ ಎಕ್ಸ್‌ಪ್ರೆಸ್ಸು, ಆ ಒಂದು ಸಣ್ಣ ಹೆಜ್ಜೆಗೆ, ಯಾರೋ ಚಪ್ಪಲಿ ಬಿಟ್ಟು ಜಗಲಿಗೆ ಕಾಲಿಟ್ಟ ಹಾಗೆ ಕೇಳಿಸಿತು. ಭಾವ ಕಿವಿ ಒರಸಿಕೊಳ್ಳಲಿಲ್ಲ. ಕಣ್ಣು ಒರಸಿಕೊಂಡರು. "ಹಿಟ್ಟು" ಎಂದರು.

"ಇಲ್ಲಿ ಒಳಗೆ ನಿಂತು ಕೇಳಿದ್ರೆ ಆಗುದಿಲ್ಲ" ಎಂದಳು ಅಕ್ಕ. "ನಾನು ರಸ್ತೆಯಲ್ಲಿ ನಿಲ್ತೇನೆ."

ಹೊರಗೆ ಹೋಗಿ, ಎರಡೂ ಕಡೆ ನೋಡಿ, ರಸ್ತೆ ದಾಟಿ ಆಚೆ ನಿಂತಳು. ಭಾವ ಕೂತಲ್ಲಿಂದ ಅವಳು ಕಾಣುವುದಿಲ್ಲ. ನಾನು ಕಂಡಕ್ಟರಿನ ಹಾಗೆ ಬಾಗಿಲಲ್ಲಿ ನಿಂತೆ. ಭಾವ ಕೈ ಎತ್ತಿದರು, ಇಳಿಸಿದರು, ಮತ್ತೆ ಎತ್ತಿದರು. ಕೈ ಹೊರಡುತ್ತಿಲ್ಲ. ನನ್ನ ಕಡೆ ತಿರುಗಿ ನೋಡಿದರು, ಆಮೇಲೆ ಮಿಲ್ಲನ್ನು ನೋಡಿದರು.

ನಾನು ಹೋಗಿ ಖಾಲಿ ಮಿಲ್ಲಿನ ಸ್ವಿಚ್ ಹಾಕಿದೆ.

ಕಲ್ಲಿಗೆ ಕಲ್ಲು ತಿಕ್ಕಿ ಗುರ್ ಎಂದಿತು. ಸವೆಯಲಿ! ಭಾವ ಕ್ಲಚ್ಚು ತುಳಿದರು. ಒಂದು, ಎರಡು, ಮೂರು. ರಸ್ತೆಯಲ್ಲಿ ರಿಕ್ಷಾ, ಬೈಕು, ಧರ್ಮಸ್ಥಳದ ಕಡೆಯ ಬಸ್ಸು. ನಾಲ್ಕು, ಐದು. ಅಕ್ಕ ಆಚೆ ತಲೆ ಸ್ವಲ್ಪ ಓರೆ ಮಾಡಿ ನಿಂತೇ ಇದ್ದಳು. ಇಷ್ಟು ಗದ್ದಲದಲ್ಲಿ ಆ ಬಲಗಿವಿಗೆ ಎಷ್ಟು ಹೋಯಿತೋ, ಹೋಗಲೇ ಇಲ್ಲವೋ, ನನಗೆ ಗೊತ್ತಿಲ್ಲ. ಆದರೆ ಆರನೆಯದಕ್ಕೆ ಸರಿಯಾಗಿ, ಕೈಯಲ್ಲಿ ಕ್ಯಾರಿಯರ್ ಇರುವ ಹಾಗೆ ಬೆರಳು ಮಡಚಿ, ಅಕ್ಕ ಕೈ ಎತ್ತಿದಳು.

"ಕೇಳಿತಾ?" ಎಂದರು ಭಾವ, ತಿರುಗಿ ನೋಡದೆ.

ನಾನು ಬಾಗಿಲಿಗೆ ಎರಡು ಸಲ ಬಡಿದೆ. "ಹೋಲ್ಡಾನ್!" ಎಂದು ಕೂಗಿದೆ. "ಹತ್ತುವವರು ಉಂಟು!"

ಭಾವನ ಬಲಗಾಲು ನಡುವಿನ ಪೆಡಲಿನ ಮೇಲೆ ಮೆಲ್ಲ ಇಳಿಯಿತು. ಬಸ್ಸು ನಿಂತಿತು.